ಬಯೂಮಿ ಪಾರಿವಾಳ ಹಿಂದಿರುಗಿಸಲು ಹೋದದ್ದು

ಇಂಬಾಬಾ ಬಡಾವಣೆಯ ಆ ಗಲ್ಲಿಯಲ್ಲಿ ಬಯೂಮಿಗೆ ಇದ್ದವನು ಒಬ್ಬನೇ ಶತ್ರು, ಎದುರು ಮಾಳಿಗೆಯ ಸುಬ್ಹಿ. ಸಂಜೆಯಾದರೆ ಇಬ್ಬರೂ ಮಾಳಿಗೆ ಹತ್ತಿ, ಮರದ ಗೂಡು ತೆರೆದು ಪಾರಿವಾಳ ಹಾರಿಸುವವರು. ಒಬ್ಬನ ಹಕ್ಕಿ ಇನ್ನೊಬ್ಬನ ಹಿಂಡಿನ ಹಿಂದೆ ಹೋದರೆ ಮುಗಿಯಿತು, ಅದು ಹಿಡಿದವನದ್ದು. ವಾಪಸು ಕೇಳುವಂತಿಲ್ಲ, ಕೊಡುವಂತಿಲ್ಲ. ವರ್ಷಾನುಗಟ್ಟಲೆ ಹೀಗೆ ಬೈದಾಡಿಕೊಂಡು ಇಬ್ಬರೂ ಸುಖವಾಗಿದ್ದರು.

ಈ ಚಳಿಗಾಲ ಸುಬ್ಹಿ ಮಾಳಿಗೆ ಹತ್ತಲೇ ಇಲ್ಲ. ಅವನ ಇಸ್ತ್ರಿ ಅಂಗಡಿಯೂ ಬಾಗಿಲು ಹಾಕಿತ್ತು. ಹಕ್ಕಿಗಳಿಗೆ ಕಾಳು ಹಾಕಲು ಅವನ ಹೆಂಡತಿ ಇನ್ಸಾಫ್ ಬರುತ್ತಿದ್ದಳು. ಆಕಾಶದಲ್ಲಿ ತನ್ನ ಹಿಂಡೊಂದೇ ಗಿರಕಿ ಹೊಡೆಯುವುದನ್ನು ನೋಡಿ ನೋಡಿ ಬಯೂಮಿಗೆ ರೊಟ್ಟಿ ರುಚಿಸದಾಯಿತು. ಎದುರಾಳಿಯಿಲ್ಲದ ಗೆಲುವೂ ಒಂದು ಗೆಲುವೇ?

ಮೊದಲು ಸೋಮಾರಿತನ ಅಂದುಕೊಂಡ. ಆಮೇಲೆ ಯಾರದೋ ಕಣ್ಣು ಬಿದ್ದಿದೆ ಎಂದು ಧೂಪ ಕಳಿಸಿದ. ಕೊನೆಗೆ ತಡೆಯಲಾರದೆ ಇನ್ಸಾಫಳನ್ನೇ ಕೇಳಿದ.

"ಕಣ್ಣೂ ಅಲ್ಲ, ಜಿನ್ನೂ ಅಲ್ಲ ಅಣ್ಣಾ. ಖಿನ್ನತೆ ಅಂತ, ಕಾಯಿಲೆ ಅದು. ಏಳ್ಬೇಕು ಅಂತ ಅವರಿಗೂ ಇದೆ, ಏಳೋಕಾಗಲ್ಲ."

ಡಾಕ್ಟರಮ್ಮ ಮಾತ್ರೆ ಕೊಟ್ಟಿದ್ದಾರಂತೆ, ವಾರಕ್ಕೊಮ್ಮೆ ಕೂರಿಸಿಕೊಂಡು ಮಾತಾಡಿಸುತ್ತಾರಂತೆ. ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, ನಡುವೆ ಬಿಡಬಾರದು, ಹಿಂದೆ ಇಷ್ಟವಿದ್ದ ಕೆಲಸವನ್ನು ಮನಸ್ಸಿಲ್ಲದಿದ್ದರೂ ಚೂರುಚೂರೇ ಮಾಡಬೇಕು ಅಂದಿದ್ದಾರಂತೆ. ಸುಬ್ಹಿ ಮಾತ್ರ ಇದರಿಂದೆಲ್ಲ ಏನೂ ಆಗದು, ನಾಳೆಯಿಂದ ಮಾತ್ರೆ ಬೇಡ ಎಂದು ಮುಖ ತಿರುಗಿಸಿದ್ದಾನಂತೆ. ಹೇಳುತ್ತಾ ಅವಳು ಕಣ್ಣೊರೆಸಿಕೊಂಡಳು.

ಬಯೂಮಿಯ ಕರುಳು ಚುರುಕ್ ಎಂದಿತು. ಕರುಳು ಕರಗಿದಾಗ ಬುದ್ಧಿ ಊರಲ್ಲಿರುವುದಿಲ್ಲ. ಸುಬ್ಹಿಯಿಂದ ಹಿಡಿದಿದ್ದ ಅಷ್ಟೂ ಹಕ್ಕಿಗಳನ್ನು ಬುಟ್ಟಿಗೆ ತುಂಬಿ, ಒಯ್ದು ಅವನ ಹಾಸಿಗೆಯ ಪಕ್ಕ ಇಟ್ಟ.

ಸುಬ್ಹಿ ಬುಟ್ಟಿಯನ್ನು ನೋಡಿದ. ಆಮೇಲೆ ಎದ್ದು ಕೂತ.

"ಹಿಡಿದ ಹಕ್ಕೀನ ಸತ್ತವನ ಮನೆಗಷ್ಟೇ ವಾಪಸು ಕೊಡ್ತಾರೆ ಕಣೋ. ನಾನಿನ್ನೂ ಸತ್ತಿಲ್ಲ. ಎತ್ಕೊಂಡು ನಡಿ."

ಬಯೂಮಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬುಟ್ಟಿ ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಇನ್ಸಾಫ್ ಹಿಂದೆಯೇ ಓಡಿ ಬಂದಳು. ಬೈಯಲಿ ಎಂದು ತಲೆ ತಗ್ಗಿಸಿ ನಿಂತರೆ ಅವಳು ನಗುತ್ತಿದ್ದಳು.

"ಅವರಿಗೆ ಸಿಟ್ಟು ಬಂದು ಎಷ್ಟು ತಿಂಗಳಾಯ್ತು ಗೊತ್ತಾ ಅಣ್ಣಾ?"

ವಿಷಯ ತಿಳಿದ ಡಾಕ್ಟರಮ್ಮನೂ ನಕ್ಕರಂತೆ. ಒಳಗೆ ಏನೋ ಅಲುಗಾಡಿದೆ, ಒಳ್ಳೆಯದೇ, ಆದರೆ ಹಕ್ಕಿಯ ಹೆಸರಲ್ಲಿ ಮಾತ್ರೆ ಬಿಡಬೇಡಿ ಅಂದರಂತೆ. ಮರುದಿನ ಸುಬ್ಹಿ ಮಾಳಿಗೆಗೆ ಬಂದ, ಸ್ವಲ್ಪ ಹೊತ್ತು ಕೂತು ಇಳಿದು ಹೋದ. ಆಮೇಲೆ ಒಂದು ದಿನ ಬಂದ, ಎರಡು ದಿನ ಬರಲಿಲ್ಲ. ಬರದ ದಿನ ಬಯೂಮಿಗೆ ಜೀವವೇ ಬಾಯಿಗೆ ಬರುತ್ತಿತ್ತು.

ಚಳಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಒಂದು ಸಂಜೆ ಸುಬ್ಹಿಯ ಗೂಡು ತೆರೆಯಿತು. ಸಿಳ್ಳೆ ಕೇಳಿಸಿತು. ಬಯೂಮಿ ಮಗಳಂತೆ ಸಾಕಿದ್ದ ಕೆಂಪು ಹೆಣ್ಣು ಹಕ್ಕಿ ನಾಚಿಕೆಯಿಲ್ಲದೆ ಆ ಹಿಂಡಿನ ಹಿಂದೆಯೇ ಹೋಗಿ ಸುಬ್ಹಿಯ ಕೈಗೆ ಸಿಕ್ಕಿತು. ಪಾಪ, ಕೊಟ್ಟುಬಿಡಿ ಎಂದು ಇನ್ಸಾಫ್ ಗಂಡನಿಗೆ ಹೇಳಿದ್ದು ಇಲ್ಲಿಗೂ ಕೇಳಿಸಿತು.

"ಕೊಟ್ಟೀಯಾ, ಹುಷಾರ್!" ಎಂದು ಬಯೂಮಿ ಕೂಗಿದ. "ಮಾತ್ರೆ ನುಂಗಿದ್ಯೇನೋ?"

"ಊಟ ಆದ್ಮೇಲೆ."

"ಮರೀದೆ ನುಂಗು. ನಾಳೆ ಆ ಹಕ್ಕೀನ ನಾನು ಗೆದ್ದು ತರ್ಬೇಕು."