ಪಾದ ಇಡುವವರು

ತೀರಿಕೊಂಡು ಗೋಡೆಗೆ ಆನಿಸಿ ಕೂರಿಸಿದ್ದ ಗಂಡ ಅಮಾತೆಪ್ಪನ ತಲೆಗೆ ಸಿದ್ದಲಿಂಗವ್ವ ರುಮಾಲು ಸುತ್ತುತ್ತಿದ್ದಾಗ, ಮಠದ ಸಂಗಯ್ಯನವರನ್ನು ಕರೆಯಲು ಹೋಗಿದ್ದ ಪಕ್ಕದ ಮನೆಯ ಜಾಫರಸಾಬ ಒಬ್ಬನೇ ವಾಪಸು ಬಂದ.

"ಬರಂಗಿಲ್ಲಂತ, ಯಕ್ಕಾ. ಅಯ್ಯನಲ್ಲದ ಅಯ್ಯನಾಗಿ ಬಾದಾಮ್ಯಾಗ ಲಗ್ನಾ ಮಾಡ್ಸಿದಂವನ ತಲಿ ಮ್ಯಾಲ ನಾ ಪಾದಾ ಇಡಂಗಿಲ್ಲ ಅಂದ್ರು."

ಸಿದ್ದಲಿಂಗವ್ವ ರುಮಾಲಿನ ತುದಿ ಸಿಕ್ಕಿಸಿದಳು. ಕುಣಿಯಲ್ಲಿ ಕೂರಿಸಿ, ಜಂಗಮರಾದ ಅಯ್ಯನವರು ತಲೆಯ ಮೇಲೆ ಪಾದವಿಟ್ಟ ಮೇಲೆಯೇ ಮಣ್ಣು ಕೊಡುವುದು. ಅದಿಲ್ಲದೆ ಅಮಾತೆಪ್ಪನನ್ನು ಹೇಗೆ ಕಳಿಸುವುದು?

"ಖರೇನ ಐತಲ್ಲ," ಎಂದ ಹುನಗುಂದದಿಂದ ಬಂದಿದ್ದ ಈರಪ್ಪ. "ಕರೀ ಕೋಟು ಹಾಕ್ಕೊಂಡು ವಕೀಲ ಅಂತ ನನ್ನ ಹೊಲದ ಕೇಸು ಮುಳುಗ್ಸಿದಾ. ಗುಡೂರಾಗ ಡಾಕ್ಟರ್ ಆದಾ. ಇಂಥಾವಂಗ ಎಂಥಾ ಪಾದಾ?"

"ಮತ್ತ ಮಣ್ಣಿಗ್ಯಾಕ ಬಂದಿ?" ಜಾಫರಸಾಬ ಕೇಳಿದ.

"ಖರೇ ಸತ್ತಾನೋ ಇಲ್ಲೋ ನೋಡಾಕ!"

*

ಎಪ್ಪತ್ತಾರನೇ ಇಸವಿಯಲ್ಲಿ ಅಮಾತೆಪ್ಪನ ಗುಡೂರಿನ ದವಾಖಾನೆಗೆ ಪೊಲೀಸರು ಬೀಗ ಜಡಿದ ದಿನ ಅವಳು ಗಂಡನನ್ನು ಕೇಳಿಯೇಬಿಟ್ಟಿದ್ದಳು: "ಖರೇ ಹೇಳ್ರಿ, ನೀವು ಏನದೀರಿ?"

"ಬಾಗಲಕೋಟ್ಯಾಗ ಒಂದು ದವಾಖಾನ್ಯಾಗ ಕಸಾ ಹೊಡೀತಿದ್ದೆ. ಡಾಕ್ಟರ್ ಇಲ್ಲದಾಗ ಒಬ್ಬಾಕಿ ಕೂಸಿನ್ನ ತಂದು ನನ್ನ ಕಾಲು ಹಿಡದ್ಲು. ನಾ ಅಲ್ಲ ಅನ್ನಾಕ ಬಾಯಿ ಬರಲಿಲ್ಲ. ಮಂದಿ ಕಾಯ್ಕೋತ ನಿಂತ್ರ ನಂಗ ಇಲ್ಲ ಅನ್ನಾಕ ಆಗಂಗಿಲ್ಲ, ಸಿದ್ದಲಿಂಗಿ."

ಬಹಳ ದಿನ ಅವಳು ಮಾತು ಬಿಟ್ಟಳು. ರೊಟ್ಟಿ ಮಾತ್ರ ತಪ್ಪಿಸಲಿಲ್ಲ.

*

ಇಳಕಲ್ಲಿನ ರುದ್ರಭೂಮಿಯಲ್ಲಿ ಹೊತ್ತು ಇಳಿಯತೊಡಗಿತು. ಅಮಾತೆಪ್ಪ ಕುಣಿಯಲ್ಲಿ ಕುಳಿತಿದ್ದ. ಜನ ಮುಷ್ಟಿಯಲ್ಲಿ ಮಣ್ಣು ಹಿಡಿದು ನಿಂತಿದ್ದರು. ಸಂಗಯ್ಯನವರು ಮನಸ್ಸು ಬದಲಿಸಿಯಾರೆಂದು ದಾರಿ ನೋಡಿ ನೋಡಿ ಎಲ್ಲರಿಗೂ ಸಾಕಾಗಿತ್ತು.

ಸಿದ್ದಲಿಂಗವ್ವ ಹಣೆಗೆ ವಿಭೂತಿ ಬಳಿದುಕೊಂಡು ಕುಣಿಯ ಅಂಚಿಗೆ ಬಂದಳು. ಸೀರೆಯ ನಿರಿಗೆ ಎತ್ತಿ ಹಿಡಿದಳು.

"ಏ ಯವ್ವಾ, ಏನ್ ಮಾಡ್ತಿ?" ಈರಪ್ಪ ಗಾಬರಿಯಾಗಿ ಕೂಗಿದ. "ಗಂಡನ ತಲಿ ಮ್ಯಾಲ ಕಾಲೇನ? ನೀ ಏನ್ ಅಯ್ಯನೋರೇನು?"

"ಅಲ್ಲಪಾ. ನಮ್ಮ ಮನಿಯವರೂ ಆಗಿರಲಿಲ್ಲ. ಮಂದಿ ಕಾಯಾಕತ್ತೇತಿ."

ಅರಿಯದೆ ಕಾಲು ತಾಗಿದರೂ ಗಂಡನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ ಹೆಂಗಸು ಅವಳು. ಅವಳು ಕಾಲೆತ್ತಿದಳು. ಜಾಫರಸಾಬ ತೋಳು ಕೊಟ್ಟ. ಬಲಪಾದ ಅಮಾತೆಪ್ಪನ ತಲೆಯ ಮೇಲೆ ನಿಂತಿತು.

ಮೊದಲ ಮುಷ್ಟಿ ಮಣ್ಣು ಬಿದ್ದದ್ದು ಈರಪ್ಪನ ಕೈಯಿಂದ. ಒಂದಿಷ್ಟು ಅವಳ ಕಾಲುಂಗುರದ ಮೇಲೂ ಬಿತ್ತು.