ಬಾಯಿ ಕಟ್ಟಿದ ಮನೆ

ಟೈಲರಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಿಷನ್ ತುಳಿದರೆ ದಾರ ಕಡಿಯುತ್ತಿತ್ತು, ಎದ್ದರೆ ಕಾಲು ಬಾಗಿಲಿಗೆ ಎಳೆಯುತ್ತಿತ್ತು. ನಾಲ್ಕು ವರ್ಷದ ಮಗಳು ಮಿಣುಕಿ ಶಿಶುವಿಹಾರದಲ್ಲಿ ತುಟಿ ಬಿಚ್ಚುವುದಿಲ್ಲ, ಎಲ್ಲಕ್ಕೂ ಕೈಸನ್ನೆ. ಕಿವಿ ಪರೀಕ್ಷೆ ಮಾಡಿಸಿ ಎಂದಿದ್ದರು ಟೀಚರು.

ಪಕ್ಕದ ಮನೆಯ ನರ್ಸಕ್ಕ ಮಗುವನ್ನು ಆಸ್ಪತ್ರೆಯಿಂದ ಕರೆತಂದರು.

"ಕಿವಿಗೆ ಏನೂ ಆಗಿಲ್ಲ ಕಣೇ. ಇಲಿ ಓಡಿದ್ರೂ ಕೇಳುತ್ತೆ."

ಅಷ್ಟರಲ್ಲಿ ಒಳಗಿನಿಂದ ಬಂದ ಅಜ್ಜಿ, ಕೂರು ಎಂದು ನರ್ಸಕ್ಕನಿಗೆ ಕೈಯಲ್ಲೇ ತೋರಿಸಿದಳು. ಮೊಮ್ಮಗಳಿಗೆ, ಹಸಿವಾ ಎಂದು ಹೊಟ್ಟೆ ಮುಟ್ಟಿ ಕೇಳಿದಳು. ಮಿಣುಕಿ ತಲೆಯಾಡಿಸಿದಳು.

"ನಿಮ್ಮತ್ತೆಗೂ ಈಗ ಮಾತು ಬರಲ್ವಾ?"

"ಬರದೆ ಏನು? ಬೇಕಾದ್ದಕ್ಕಿಂತ ಹೆಚ್ಚೇ ಬರುತ್ತೆ!" ಟೈಲರಮ್ಮ ದನಿ ತಗ್ಗಿಸಿದಳು. "ಮನೇಲಿ ಶಾಲೆ ಭಾಷೆ ಬಿಟ್ಟು ಇನ್ನೊಂದು ಆಡಬಾರದು ಅಂತ ನಾನೇ ಕಟ್ಟು ಮಾಡಿದೀನಿ. ಅತ್ತೆಗೆ ಅದು ಬರಲ್ಲ."

"ನಿಂಗೆ?"

"ಬಾ, ಕೂರು, ತಿನ್ನು, ಮಲಗು... ಇಷ್ಟೇ ಬರೋದು."

"ನಾಯಿಮರಿ ಸಾಕ್ತಿದೀಯೋ, ಮಗುವನ್ನೋ?"

ಟೈಲರಮ್ಮನ ಕಣ್ಣು ತುಂಬಿತು. "ಆ ಭಾಷೆ ಆಡೋ ದೊಡ್ಡ ಗಿರಾಕಿಗಳು ಬಂದ್ರೆ ನಾನು ಮೂಗಿ ಹಾಗೆ ನಿಲ್ತೀನಿ ಅಕ್ಕಾ. ನನ್ನ ಮಗಳೂ ಹಾಗೇ ನಿಲ್ಲಬೇಕಾ?"

"ಈಗ ಅವಳು ನಿಂತಿರೋದು ಹೇಗೆ?"

ಟೈಲರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಎರಡೂ ಸೇರಿಸಿದ್ರೆ ತಲೆ ಕಲಸಿಹೋಗಲ್ವಾ?"

"ಮಕ್ಕಳು ಮೊದಮೊದಲು ಒಂದಿಷ್ಟು ಬೆರೆಸ್ತಾರೆ, ಆಮೇಲೆ ತಾವೇ ಬಿಡಿಸ್ಕೋತಾರೆ. ಮನೆ ಮಾತು ಗಟ್ಟಿಯಾದ್ರೆ ಇನ್ನೊಂದು ಅದರ ಕೈ ಹಿಡಿದು ಬರುತ್ತೆ. ಶಾಲೆ ಭಾಷೆ ಆಟದಲ್ಲಿ, ಹಾಡಲ್ಲಿ, ಜೊತೆ ಮಕ್ಕಳಿಂದ ಕಲೀಲಿ. ನೀನೂ ಅವಳ ಹತ್ರ ಕಲಿ!"

ಟೈಲರಮ್ಮ ತಿರುಗಿದಳು. "ಅತ್ತೆ, ಮಾತಾಡಿ."

ಅಜ್ಜಿ ಎದೆ ಮುಟ್ಟಿಕೊಂಡು, ನಾನಾ ಎಂದು ಕಣ್ಣಲ್ಲೇ ಕೇಳಿದಳು.

"ಬಾಯಲ್ಲೇ ಕೇಳಿ ಅತ್ತೆ! ತಪ್ಪಾಯ್ತು."

"ಮಾತು ನುಂಗಿ ನುಂಗಿ ಹೊಟ್ಟೆ ಉಬ್ಬಿಹೋಗಿದೆ ಕಣೇ ತಾಯಿ," ಎಂದು ಅಜ್ಜಿ ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡಳು. "ಬಾ ಕೂಸೇ. ಒಂದು ಕಾಡಂತೆ, ಕಾಡಿಗೊಂದು ಕರಡಿಯಂತೆ, ಕರಡಿಗೆ ಭಾರಿ ನಿದ್ದೆಯಂತೆ..."

ಮಿಣುಕಿ ಅಜ್ಜಿಯ ತುಟಿಯ ಮೇಲೆ ಬೆರಳಿಟ್ಟು, ಅಮ್ಮನ ಮುಖ ನೋಡಿದಳು. ಅಮ್ಮ ಬೈಯಲಿಲ್ಲ. ಅಜ್ಜಿ ಬೇಕೆಂದೇ ಸುಮ್ಮನಾದಳು.

"ಆಮೇಲೆ?" ಎಂದಳು ಮಿಣುಕಿ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮಗುವಿಗೆ ಎರಡನೆಯ ಭಾಷೆ ಖಂಡಿತ ಕೊಡಿ. ಮೊದಲನೆಯದನ್ನು ಕಿತ್ತುಕೊಂಡು ಕೊಡಬೇಡಿ. ನಿಮಗೆ ಚೆನ್ನಾಗಿ ಬರುವ ಮಾತಿನಲ್ಲೇ ದಿನವೂ ಮಾತಾಡಿ, ಕಥೆ ಹೇಳಿ. ಎರಡೂ ಭಾಷೆಯಲ್ಲಿ ಮಾತು ತಡವಾದರೆ ಕಾಯದೆ ಆರೋಗ್ಯ ಕಾರ್ಯಕರ್ತೆಗೆ ತೋರಿಸಿ. ಇವತ್ತೇ ಮಗುವನ್ನು ಹತ್ತಿರ ಕೂರಿಸಿಕೊಂಡು ಒಂದು ಕಥೆ ಶುರುಮಾಡಿ. ಮುಂದಿನದನ್ನು ಮಗುವೇ ಕೇಳುತ್ತದೆ.