ಯಾರ ಗಂಟಲು

"ಇದು ಗಂಟಲಲ್ಲ, ನೆಗಡಿಯಾದ ಮಿಕ್ಸಿ!"

ಸಂಗೀತದ ಟೀಚರಮ್ಮ ಹೀಗೆಂದದ್ದೇ ತಡ, ಟಿ.ವಿ. ಸ್ಟುಡಿಯೋದಲ್ಲಿ ಸಾಲಾಗಿ ಕೂರಿಸಿದ್ದ ಪ್ರೇಕ್ಷಕರು ಹೋ ಎಂದು ನಕ್ಕು ಚಪ್ಪಾಳೆ ಹೊಡೆದರು. ನಿರೂಪಕ ಕುರ್ಚಿಯ ಅಂಚಿಗೆ ಸರಿದು ಕೂತ. "ಮೇಡಂ, ಇನ್ನೊಂದ್ಸಲ ಹೇಳಿ, ಇನ್ನೊಂದ್ಸಲ!"

ಇನ್ನೊಂದು ಸಲವೇನು, ಅವಳ ಹತ್ತಿರ ಹೇಳುವುದು ಮೂಟೆಗಟ್ಟಲೆ ಇತ್ತು. ಅವಳು ಬೈಯುತ್ತಿದ್ದ ಸಿನಿಮಾ ಹಾಡು ಆಗ ಕ್ಷೌರದಂಗಡಿಯಿಂದ ಹಿಡಿದು ಹಲ್ಲಿನ ಡಾಕ್ಟರ ಶಾಪಿನವರೆಗೆ ಎಲ್ಲ ಕಡೆ ಮೊಳಗುತ್ತಿತ್ತು. ಹಾಡಿದವಳೆಂದು ಹೆಸರು ಬಂದದ್ದು ಸಿನಿಮಾದ ನಾಯಕಿಗೆ. ಚಿತ್ರರಂಗದವರು ಬೆನ್ನ ಹಿಂದೆ ಅವಳನ್ನು 'ಗೊಂಬೆ' ಎನ್ನುತ್ತಿದ್ದರು.

"ಕುಣಿಯೋದಕ್ಕೆ ಕಾಲಾದ್ರೂ ಬೇಕು, ಹಾಡೋದಕ್ಕೆ ಈಗ ಏನೂ ಬೇಡ," ಎಂದಳು ಟೀಚರಮ್ಮ. "ನೀವು ಯಾವ ಸ್ವರಾನಾದ್ರೂ ಒದರಿ, ಕಂಪ್ಯೂಟರು ಅದರ ಕಿವಿ ಹಿಂಡಿ ಸರಿಯಾದ ಜಾಗದಲ್ಲಿ ತಂದು ಕೂರಿಸುತ್ತೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋ ನಯ ಎಲ್ಲಿ? ಮೆಟ್ಟಿಲ ಮೇಲೆ ಡಬ್ಬ ಉರುಳಿದ ಹಾಗೆ ಟಕಟಕ ಅನ್ನುತ್ತೆ. ಉಸಿರು ಎಲ್ಲಿದೆ ತೋರಿಸಿ ನೋಡೋಣ? ಉಸಿರಾಡದೆ ಸುಮ್ಮನಿರೋದು ಹೆಣ. ಇದು ಹಾಡೋ ಹೆಣ."

ಅಷ್ಟಕ್ಕೇ ಬಿಡದೆ ಮೂಗು ಹಿಡಿದು ಆ ಹಾಡಿನ ಪಲ್ಲವಿಯನ್ನು ಅಣಕಿಸಿ ತೋರಿಸಿದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೇಳುವ ಅಧಿಕಾರ ತನಗಿದೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ವಯಸ್ಸಿನಲ್ಲಿದ್ದಾಗ ಒಂದೆರಡು ಸಿನಿಮಾಕ್ಕೆ ಹಾಡಿದ್ದಳು. ಆಮೇಲೆ ಕೋರಸ್ಸಿನಲ್ಲಿ ನಿಂತಳು. ಈಗ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ, ಕರೆ ಬಂದಾಗ ಟ್ರ್ಯಾಕ್ ಹಾಡಿ ಬರುತ್ತಿದ್ದಳು. ರಾಗ ಕಟ್ಟಿದ ಮೇಲೆ ದೊಡ್ಡವರು ಬಂದು ಕೇಳಿ ಕಲಿತುಕೊಳ್ಳಲೆಂದು ಯಾರಾದರೊಬ್ಬರು ಮೊದಲು ಹಾಡಿಡಬೇಕು, ಅದು ಟ್ರ್ಯಾಕ್. ದೊಡ್ಡವರು ಹಾಡಿ ಹೋದ ಮೇಲೆ ಅದನ್ನು ಅಳಿಸಿಬಿಡುತ್ತಾರೆ. ಹೀಗೆ ವರ್ಷಗಟ್ಟಲೆ ಅಳಿಸಿಹೋದ ದನಿ ಅವಳದು. ಈ ಹಾಡಿಗೂ ಟ್ರ್ಯಾಕ್ ಹಾಡಿದ್ದು ಅವಳೇ. "ಹೇಳಿಕೊಟ್ಟವಳು ನಾನು, ಕೆಡಿಸಿದವಳು ಅವಳು," ಎಂದು ಅದನ್ನೂ ಆ ದಿನ ಟಿ.ವಿ.ಯಲ್ಲಿ ಹೇಳಿಬಿಟ್ಟಳು.

ನೆಗಡಿಯಾದ ಮಿಕ್ಸಿ ಮನೆಮನೆ ಮಾತಾಯಿತು. ಟೀಚರಮ್ಮ ಮೂಗು ಹಿಡಿದ ತುಣುಕು ಫೋನಿನಿಂದ ಫೋನಿಗೆ ಹಾರಿತು. ಬಸ್ಸಿನಲ್ಲಿ ಗುರುತು ಹಿಡಿದು ಜಾಗ ಬಿಟ್ಟುಕೊಟ್ಟರು. ಎಂದೋ ಮರೆತುಹೋಗಿದ್ದ ಕೋರಸ್ಸಿನ ಗೆಳತಿಯರು ಫೋನ್ ಮಾಡಿ, "ಸರಿಯಾಗಿ ಇಳಿಸಿದೆ ಕಣೇ," ಎಂದರು. ಅವಳು ನಡೆಯುವ ಗತ್ತೇ ಬದಲಾಯಿತು.

ಗಂಡ ಮಾತ್ರ ಎಂದಿನಂತೆ ಕೆಲಸದಲ್ಲಿ ಮುಳುಗಿದ್ದ. ಗಡಿಯಾರ ರಿಪೇರಿಯವನು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತರೆ ಮನೆಯಲ್ಲಿದ್ದಾನೆಯೇ ಎಂದು ಹುಡುಕಬೇಕು.

"ನೀವೇನೂ ಹೇಳಲೇ ಇಲ್ಲವಲ್ರೀ?"

"ಹಾಡು ಅಷ್ಟೇನೂ ಕೆಟ್ಟದಾಗಿಲ್ಲ ಕಣೇ. ಕೇಳೋ ಹಾಗಿದೆ."

"ನಿಮಗೆ ಗೂಬೆಯೂ ಒಂದೇ, ಕೋಗಿಲೆಯೂ ಒಂದೇ. ನಿಮ್ಮನ್ನ ಕೇಳಿದೆನಲ್ಲ, ನನಗೆ ಬುದ್ಧಿ ಇಲ್ಲ."

ಆ ವಾರದ ಕೊನೆಗೆ ರೆಕಾರ್ಡಿಂಗ್ ಸ್ಟುಡಿಯೋದಿಂದ ಕರೆ ಬಂತು: ಗೊಂಬೆಗೆ ಅವಳನ್ನು ನೋಡಬೇಕಂತೆ. ಟೀಚರಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಹೊರಟಳು. ಅಳುತ್ತಾಳೋ ಕೂಗಾಡುತ್ತಾಳೋ, ಎರಡಕ್ಕೂ ದಾರಿಯುದ್ದಕ್ಕೂ ಉತ್ತರ ಸಿದ್ಧಮಾಡಿಕೊಂಡಳು.

ಗೊಂಬೆ ಅಳುತ್ತಿರಲಿಲ್ಲ. ಬಣ್ಣವಿಲ್ಲದ ಮುಖದಲ್ಲಿ, ಸೋಫಾದ ಮೇಲೆ ಕಾಲು ಮಡಿಸಿಕೊಂಡು ಬಿಸ್ಕತ್ತು ತಿನ್ನುತ್ತಿದ್ದಳು. ಪಕ್ಕದಲ್ಲಿ ಚೂಯಿಂಗ್ ಗಮ್ ಜಗಿಯುತ್ತ ಸೌಂಡ್ ಎಂಜಿನಿಯರ್. ಹೆಂಗಸರ ಹಾಗೆ ತುರುಬು ಕಟ್ಟುತ್ತಿದ್ದ ಅವನನ್ನು ಕಂಡರೆ ಟೀಚರಮ್ಮನಿಗೆ ಮೊದಲಿಂದಲೂ ಅಷ್ಟಕ್ಕಷ್ಟೆ.

"ಕೂತ್ಕೊಳ್ಳಿ ಆಂಟಿ. ಬೈದದ್ದಕ್ಕೆ ಬೇಜಾರಿಲ್ಲ," ಎಂದಳು ಗೊಂಬೆ. "ಆದ್ರೆ ಒಂದು ವಿಷಯ ನಿಮಗೆ ಗೊತ್ತಿರಲಿ. ಆ ಹಾಡು ನಾನು ಹಾಡೇ ಇಲ್ಲ."

"ಅದನ್ನೇ ತಾನೆ ನಾನೂ ಹೇಳಿದ್ದು. ಮಿಷನ್ನು ಹಾಡಿದೆ."

"ಅಲ್ಲ ಆಂಟಿ. ನೀವು ಹಾಡಿದ್ದೀರಿ. ನನ್ನ ಕೈಲಿ ಆಗ್ಲಿಲ್ಲ, ಎಷ್ಟು ಸಲ ಪ್ರಯತ್ನ ಪಟ್ಟೆ. ಬಿಡುಗಡೆ ಹತ್ರ ಬಂತು. ನಿಮ್ಮ ಟ್ರ್ಯಾಕನ್ನೇ ಇಟ್ಕೊಂಡ್ರು."

ಟೀಚರಮ್ಮ ನಕ್ಕುಬಿಟ್ಟಳು. "ನನ್ನ ದನಿ ನನಗೆ ಗೊತ್ತಾಗಲ್ವೇನಮ್ಮ? ಯಾರ ಕಿವಿ ಮೇಲೆ ಹೂ ಇಡ್ತೀಯ?"

"ವಯಸ್ಸು ಇಳಿಸೋಕೆ ಒಂದು ಗುಂಡಿ ಇದೆ ಅಮ್ಮ," ಎಂದ ಎಂಜಿನಿಯರ್. ಮಾತು ಬೆಳೆಸದೆ ಕಂಪ್ಯೂಟರಿನತ್ತ ತಿರುಗಿ ಹಾಡು ಹಾಕಿದ. ಅದೇ ಹಾಡು, ಅದೇ ಮಿಕ್ಸಿ. ಅವನು ಏನೋ ಒಂದನ್ನು ಒತ್ತಿದ. ದನಿಗೆ ಮೆತ್ತಿದ್ದ ಹೊಳಪು ಹೋಯಿತು. ಇನ್ನೊಂದನ್ನು ಒತ್ತಿದ, ಹುಡುಗಿಯ ಗಂಟಲು ದಪ್ಪವಾಯಿತು. ಮತ್ತೊಂದನ್ನು ಒತ್ತಿದಾಗ ಸಾಲುಗಳ ನಡುವೆ ಉಸಿರು ಕೇಳಿಸಿತು. ಯಾರೋ ಮೆಟ್ಟಿಲು ಹತ್ತಿ ಬಂದಂಥ ಉಸಿರು. ಆಮೇಲೆ ಟೀಚರಮ್ಮ ಅಲುಗಾಡದೆ ಕೂತಳು. ದನಿ ಅವಳದೇ.

ಎತ್ತರದ ಸ್ವರ ಬಂತು. ದನಿ ಅಲ್ಲಿಗೆ ಮುಟ್ಟಲಿಲ್ಲ. ಹೊಸಿಲಿಗೆ ಬಂದು ಒಳಗೆ ಕಾಲಿಡದವರಂತೆ ಕೂದಲೆಳೆಯಷ್ಟು ಕೆಳಗೇ ನಿಂತು ನಡುಗಿತು. ಪಾಠಕ್ಕೆ ಬರುವ ಮಕ್ಕಳು ಈ ತಪ್ಪು ಮಾಡಿದರೆ ಅವಳು ಸ್ಕೇಲಿನಿಂದ ಮೇಜು ಕುಟ್ಟಿ ನಿಲ್ಲಿಸುತ್ತಿದ್ದಳು.

"ಅವತ್ತು ಮೈ ಹುಷಾರಿರಲಿಲ್ಲ," ಎಂದಳು.

ಎಂಜಿನಿಯರ್ ಗಮ್ ಜಗಿಯುವುದನ್ನು ನಿಲ್ಲಿಸಿದ. ಗೊಂಬೆ ಬಿಸ್ಕತ್ತಿನ ಪುಡಿ ಕೊಡವಿಕೊಂಡಳು.

"ಯಾಕೆ, ಇದೊಂದೇ ಸಲ ತಾನೆ?" ಎಂದಳು ಟೀಚರಮ್ಮ.

"ಟ್ರ್ಯಾಕ್ ತಪ್ಪಿದ್ರೆ ಕೇಳಿ ಕಲಿಯೋರೂ ತಪ್ಪು ಕಲೀತಾರೆ ಅಮ್ಮ. ಅದಕ್ಕೇ ನಾನು ಮೊದಲೇ ಸರಿಮಾಡಿ ಇಡ್ತೀನಿ. ಸುಮಾರು ವರ್ಷದಿಂದ."

"ಒಂದು ಮಾತು ಹೇಳಬಾರದಿತ್ತೇನೋ?"

"ನಿಮಗೆ ಯಾರು ಹೇಳ್ತಾರೆ?" ಎಂದ ಅವನು. ಕುಹಕವೇನೂ ಇರಲಿಲ್ಲ. ಇದ್ದಿದ್ದರೆ ಬೈದು ಹಗುರಾಗಬಹುದಿತ್ತು.

ಹೊರಡುವಾಗ ಗೊಂಬೆ ಬಾಗಿಲವರೆಗೆ ಬಂದಳು. "ಹೊರಗೆ ಹೇಳ್ಬೇಡಿ ಆಂಟಿ, ನಿಮಗೇ ನಷ್ಟ. ನನಗೇನು, ಯಾರಾದ್ರೂ ಕೇಳಿದ್ರೆ ನಾನೇ ಹಾಡಿದ್ದು ಅಂತೀನಿ. ಈಗ ಜನ ನಿಮ್ಮ ಮಾತು ಕೇಳ್ತಿದ್ದಾರೆ. ಇಟ್ಕೊಳ್ಳಿ ಅದನ್ನ."

ಆ ಹುಡುಗಿಯ ಕನಿಕರವೇ ಟೀಚರಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು. ಸ್ವರ ಬಾರದವಳು ತನ್ನ ಮಾನ ಕಾಯುವುದೇ?

ಮುಂದಿನ ವಾರ ಟಿ.ವಿ.ಯವರು ಮತ್ತೆ ಕರೆದರು. ಈ ಸಲ ನೇರ ಪ್ರಸಾರ. 'ಗಂಟಲೋ ಮಿಕ್ಸಿಯೋ' ಎಂದು ಕಾರ್ಯಕ್ರಮಕ್ಕೆ ಹೆಸರು ಬೇರೆ. ಹೋಗುವಾಗ ಏನು ಹೇಳಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಪ್ರೇಕ್ಷಕರ ಸಾಲಿನಲ್ಲಿ, ಅವಳು ಬಾಯಿ ತೆರೆಯುವ ಮೊದಲೇ ನಗಲು ಅಣಿಯಾಗಿದ್ದ ಮುಖಗಳನ್ನು ನೋಡಿದಾಗ ಗೊತ್ತಾಯಿತು. ಥೂ ಎಂದರೆ ಥೂ, ಆಹಾ ಎಂದರೆ ಆಹಾ. ಇಂಥವರ ಚಪ್ಪಾಳೆಗೆ ತಾನು ವಾರವಿಡೀ ಸೆಟೆದು ನಡೆದೆನಲ್ಲ!

"ಮೇಡಂ, ಮೂಗು ಹಿಡಿದು ಶುರು ಮಾಡೋಣ್ವಾ?" ಎಂದ ನಿರೂಪಕ.

"ಆ ಹಾಡು ಹಾಡಿರೋದು ನಾನು," ಎಂದಳು ಟೀಚರಮ್ಮ.

ದೊಡ್ಡ ನಗು ಎದ್ದಿತು. ಇಂದಿನ ಮೊದಲ ಜೋಕು ಇದೇ ಎಂದುಕೊಂಡರು.

"ನಗೋದು ಸಾಕು. ಅದು ನನ್ನ ಟ್ರ್ಯಾಕು. ಮಿಷನ್ನಿಗೆ ಹಾಕಿ ಹಾಗೆ ಮಾಡಿದ್ದಾರೆ. ನಾನೇ ಗುರುತು ಹಿಡೀಲಿಲ್ಲ."

ನಿರೂಪಕನ ಕಣ್ಣು ಮಿನುಗಿತು. "ಹಾಗಾದ್ರೆ ಈಗಲೇ ಹಾಡಿಬಿಡಿ ಮೇಡಂ!"

ಹಾಡಿದಳು. ಬರಿಯ ಗಂಟಲಲ್ಲಿ, ಮೂಗು ಹಿಡಿಯದೆ, ಪಲ್ಲವಿಯಿಂದ ಕೊನೆಯವರೆಗೆ. ಎತ್ತರದ ಸ್ವರ ಹತ್ತಿರವಾದಂತೆ ಅವಳಿಗೆ ಮೊದಲೇ ಕೇಳಿಸಿತು, ಬೀಳುವುದು. ಬಿತ್ತು. ಸ್ಟುಡಿಯೋದಲ್ಲಿ ಯಾರೋ ಕೆಮ್ಮಿದರು. ಆ ಕೆಮ್ಮಿನ ಹಿಂದೆಯೇ ನಿರೂಪಕ ಸಿನಿಮಾದ ಹಾಡನ್ನು ಹಾಕಿಸಿದ. ಅದೇ ಸ್ವರ ಕಡ್ಡಿಯಂತೆ ನೇರವಾಗಿ ಎದ್ದು ನಿಂತಿತು. ಜನ ಚಪ್ಪಾಳೆ ಹೊಡೆದರು, ಹಾಡಿಗೆ.

"ಎಲ್ಲಿಂದೆಲ್ಲಿಗೆ ಹೋಲಿಕೆ ನೀವೇ ಹೇಳಿ!" ಎಂದ ನಿರೂಪಕ.

ಹಿಂದಿನ ಸಾಲಿನ ಹೆಂಗಸೊಬ್ಬಳು ಮೈಕು ಕೇಳಿ ಪಡೆದಳು. "ಈ ವಯಸ್ಸಲ್ಲಿ ಹೊಟ್ಟೆಕಿಚ್ಚು ಒಳ್ಳೇದಲ್ಲ ಮೇಡಂ."

"ಹೋದ ವಾರ ಇದೇ ಹಾಡಿಗೆ ಬಿದ್ದು ಬಿದ್ದು ನಕ್ಕಿರಲ್ಲಮ್ಮ," ಎಂದಳು ಟೀಚರಮ್ಮ. "ಇವತ್ತು ಇದಕ್ಕೇ ಚಪ್ಪಾಳೆ. ಕಿವಿ ಇರೋದು ಓಲೆ ಹಾಕೋಕೆ ಮಾತ್ರಾನಾ ನಿಮಗೆ?"

ಅಷ್ಟರಲ್ಲಿ ಜಾಹೀರಾತು ಬಂದಿತ್ತು. ಅವಳ ಎದೆಗೆ ಸಿಕ್ಕಿಸಿದ್ದ ಮೈಕನ್ನು ಯಾರೋ ಬಿಚ್ಚಿಕೊಂಡು ಹೋದರು.

ಮನೆಗೆ ಬಂದಾಗ ಟಿ.ವಿ. ಆರಿತ್ತು. ಗಂಡ ಎರಡು ತಟ್ಟೆ ಹಾಕಿಕೊಂಡು ಕಾಯುತ್ತಿದ್ದ.

"ಕೇಳಿದ್ರಾ?"

"ಕೇಳಿದೆ."

"ಮೇಲಿನ ಸ್ವರ ಬಿತ್ತಲ್ಲ, ಗೊತ್ತಾಯ್ತಾ?"

"ನನಗೆ ಗೂಬೆಯೂ ಕೋಗಿಲೆಯೂ ಒಂದೇ ಅಲ್ವೇನೇ?" ಎಂದು ಅವಳ ತಟ್ಟೆಗೆ ಬಡಿಸಿದ. ಸಾರಿನ ಪಾತ್ರೆ ಮುಚ್ಚುತ್ತ, "ಉಣ್ಣು, ಆರಿಹೋಗುತ್ತೆ," ಎಂದ.

ಫೋನು ಆ ದಿನವೂ ಮರುದಿನವೂ ಗುಂಯ್‌ಗುಟ್ಟಿತು. ಹೊಟ್ಟೆಕಿಚ್ಚಿನ ಮುದುಕಿ, ಹೆಸರಿಗೆ ಸಾಯುವವಳು ಎಂದೆಲ್ಲ ಬರೆದಿದ್ದರು. ಗೆಳತಿಯರದು ಒಂದೂ ಇರಲಿಲ್ಲ. ಪಾಠಕ್ಕೆ ಬರುವ ಇಬ್ಬರು ಮಕ್ಕಳ ತಾಯಂದಿರು, ಪರೀಕ್ಷೆ ಹತ್ತಿರ ಬಂತು, ಸ್ವಲ್ಪ ದಿನ ಕಳಿಸುವುದಿಲ್ಲ ಎಂದು ಹೇಳಿ ಕಳಿಸಿದರು. ಟೀಚರಮ್ಮ ಎಲ್ಲವನ್ನೂ ಕನ್ನಡಕ ಹಾಕಿಕೊಂಡು ಓದಿದಳು. ಒಬ್ಬನಾದರೂ ಸ್ವರ ಬಿದ್ದದ್ದನ್ನು ಬರೆದಿದ್ದಾನೆಯೇ ಎಂದು ಹುಡುಕಿದಳು. ಯಾರೂ ಬರೆದಿರಲಿಲ್ಲ. "ಕಿವುಡು ಮುಂಡೇವು," ಎಂದು ಫೋನನ್ನು ದಿಂಬಿನಡಿಗೆ ತಳ್ಳಿದಳು.

ಮೂರನೆಯ ಬೆಳಿಗ್ಗೆ ಮುಂದಿನ ಕೋಣೆಯ ಕಿಟಕಿ ತೆರೆದು ಕೀಬೋರ್ಡಿನ ಮುಂದೆ ಕೂತಳು. ಮೇಲಿನ ಸ್ವರದ ಮೇಲೆ ಬೆರಳಿಟ್ಟು ಒತ್ತಿದಳು. ಅದು ಅಲುಗದೆ, ಉಸಿರು ತೆಗೆದುಕೊಳ್ಳದೆ, ಒಂದೇ ಸಮನೆ ನಿಂತಿತು. ಅವಳು ಬಾಯಿ ತೆರೆದು ತನ್ನ ದನಿಯನ್ನು ಅದರ ಪಕ್ಕಕ್ಕೆ ತಂದಳು. ಎರಡೂ ಸೇರಲಿಲ್ಲ, ನಡುವೆ ಸಣ್ಣಗೆ ಕಂಪನವೆದ್ದು ಮೇಜಿನ ಮೇಲಿದ್ದ ಸ್ಟೀಲಿನ ಲೋಟ ಝಿಣಝಿಣ ಎಂದಿತು. ಅವಳು ದನಿಯನ್ನು ಮೇಲಕ್ಕೆ ನೂಕಲಿಲ್ಲ, ಬೆರಳನ್ನೂ ತೆಗೆಯಲಿಲ್ಲ. ಕತ್ತು ಓರೆ ಮಾಡಿ, ಉಸಿರು ಮುಗಿಯುವವರೆಗೂ ಆ ಲೋಟ ನಡುಗುವುದನ್ನೇ ಕೇಳುತ್ತ ಕೂತಳು.